ರೇಷ್ಮಾಬಿ ಎದ್ದು ನಿಂತದ್ದು

ಎಲ್ಲಾರಿಗೂ ನಮಸ್ಕಾರ, ಸಲಾಂ. ಮುಂದಿನ ಸಾಲಿನ್ಯಾಗ ಕೂತ ರೇಷ್ಮಾಬಿ ಯಜಮಾನ್ರು ಮಾಬುಸಾಬ ಕಾಕಾ, ಸೊಸಿ ರೂಬಿನಾ — ನಿಮ್ಮ ಮನಿ ದುಃಖದಾಗ ನಾವೂ ಇದ್ದೇವಿ. ವೇದಿಕಿ ಮ್ಯಾಲೆ ವಿರಾಜಮಾನರಾದ ನಮ್ಮ ಜಮಖಾನಿ ನೇಕಾರರ ಸಂಘದ ಚೇರಮನ್ ಲಕ್ಕಪ್ಪನವರಿಗೆ, ಡೈರೆಕ್ಟರ್ ಮಂಡಳಿಗೆ ಗೌರವಪೂರ್ವಕ ನಮಸ್ಕಾರ. ಕೂಡ್ರಿ, ಆರಾಮ ಕೂಡ್ರಿ. ಕೂಡೂದು ನಿಮಗ ರೂಢಿನ ಅದ.

ನಾನು ದ್ವಾರಕಾಬಾಯಿ. ಇಪ್ಪತ್ತಾರು ವರ್ಷದಿಂದ ಈ ಸಂಘದ ಕಾರಕೂನಕಿ. ಸಭಾದಾಗ ಯಾರೇನಂದ್ರು, ಯಾವ ಠರಾವು ಪಾಸಾತು, ಬರಿಯಾಕಿ ನಾನ. ಇವತ್ತ ಚೇರಮನ್ರು ಬಾಜೂಕ ಕರದು ಹೇಳ್ಯಾರ — "ಬಾಯಾರ, ಎರಡ ಮಾತು ಸಾಕು. ಛಲೋ ಮಾತು." ಎರಡರಾಗ ಮುಗಿಯೂದಿಲ್ಲ. ಛಲೋನೋ ಅಲ್ಲೋ, ಕೇಳಿ ನೀವ ಹೇಳ್ರಿ.

ಮದಲ ಈ ಬ್ಯಾನರ್ ನೋಡ್ರಿ. ಏನ್ ಬರದದ? "ಸಂಘದ ಹಿರಿಯ ಸದಸ್ಯೆ ರೇಷ್ಮಾಬಿಯವರಿಗೆ ಭಾವಪೂರ್ಣ ಶ್ರದ್ಧಾಂಜಲಿ." ಸದಸ್ಯೆ! ಅಯ್ಯ, ನಾಚಿಕಿ ಅನ್ನೂದು ಎಲ್ಲೆ ಹೋತ್ರಿ? ಅಕಿ ಬದುಕಿದ್ದಾಗ ನೀವು ಅಕಿನ್ನ ಸದಸ್ಯೆ ಮಾಡ್ಲಿಲ್ಲ. ಫ್ಲೆಕ್ಸ್ ಅಂಗಡಿಯಾಂವ ಮಾಡಿಕೊಟ್ಟಾನ.

ಆ ಹಾರ ಹಾಕಿದ ಫೋಟೋದಾಗ ಅಕಿ ಬಾಜೂಕ ಒಂದು ಮೊಣಕೈ ಕಾಣಸ್ತದ — ಇಲ್ಲೆ, ಈ ಮೂಲ್ಯಾಗ. ಯಾರದು ಗೊತ್ತೇನ್ರಿ? ಚೇರಮನ್ರದು. ಒಂದ್ಸಲ ಧಾರವಾಡದಿಂದ ಸಾಹೇಬ್ರು ತಪಾಸಣಿಗೆ ಬಂದಿದ್ರು. "ಸದಸ್ಯರು ನೇಯೂದನ್ನ ನೋಡಬೇಕು" ಅಂದ್ರು. ಸದಸ್ಯರು ಯಾರು? ಬರೇ ಗಂಡಸರು. ನೇಯೋರು ಯಾರು? ಬರೇ ಹೆಂಗಸರು. ಗಡಬಡ ಗಡಬಡ ಹೆಣ್ಮಕ್ಕಳನ್ನ ಮಗ್ಗದ ಮ್ಯಾಲಿಂದ ಎಬ್ಬಿಸಿ ಇವರು ಕೂತ್ರು. ನಮ್ಮ ಲಕ್ಕಪ್ಪನವರು ನೂಲು ಬಡಿಯೋ ಪಂಜಾ ತಲಿಕೆಳಗ ಹಿಡದು — ಹಿಂಗ ನೋಡ್ರಿ, ತಲಿ ಹಿಕ್ಕೊಳ್ಳೋ ಹಣಗಿ ಹಿಡದಂಗ! ಸಾಹೇಬ್ರು "ಈ ನೂಲು ಎಷ್ಟನೇ ನಂಬರ್?" ಅಂತ ಕೇಳಿದ್ರು. ಇವರು ಅಗದಿ ಧೈರ್ಯಲೆ ಹೇಳಿದ್ರು — "ಹಸಿರು, ಸಾಹೇಬ್ರ."

ನಗ್ರಿ, ನಗ್ರಿ. ರೇಷ್ಮಾಬಿನೂ ನಕ್ಕಿದ್ಳು. ಆಮ್ಯಾಲೆ ಸಾಹೇಬ್ರು ಅಕಿ ಕಡೆ ಕೈಮಾಡಿ "ಇವರ್ಯಾರು?" ಅಂದ್ರು. ಚೇರಮನ್ರು ಏನಂದ್ರು ನೆನಪದೇನ್ರಿ? "ಕಸಾ ಹೊಡಿಯಾಕಿ ರಿ." ನಗು ಅಲ್ಲಿಗೆ ನಿಂತುಬಿಡ್ತು. ಅವತ್ತ ತಗದ ಫೋಟೋ ಕತ್ತರಿಸೇ ಇವತ್ತ ಹಾರ ಹಾಕ್ಯಾರ. ಬ್ಯಾರೆ ಫೋಟೋ ಸಂಘದಾಗ ಇಲ್ಲ.

ಈ ನವಲಗುಂದದಾಗ ನಮ್ಮ ಮಂದಿ ಜಮಖಾನಿ ಕಸಬು ಮಗಳಿಗೆ ಕಲಿಸ್ತಿದ್ದಿಲ್ಲ, ಸೊಸಿಗೆ ಕಲಿಸ್ತಿದ್ರು. ಮಗಳು ಕೊಟ್ಟ ಮನಿಗೆ ಒಯ್ತಾಳಂತ ಅಂಜಿಕಿ. ರೇಷ್ಮಾಬಿ ಅದನ್ನ ಮುರದಳು. ಯಾರ ಮಗಳು ಬರ್ಲಿ, ಯಾವ ಜಾತಿಯಾಕಿ ಬರ್ಲಿ, ಬಾಜೂಕ ಕೂಡಿಸ್ಕೊಂಡು ಕಲಿಸಿದ್ಳು. ಚೇರಮನ್ರ ಮನಿಯವರು ಶಿವಗಂಗವ್ವ, ಅಕಿನೂ ಅಲ್ಲೇ ಕಲತಾಕಿ. ವೇದಿಕಿ ಮ್ಯಾಲೆ ನೀವು ಕುಂಡಿ ಊರಿದ ಜಮಖಾನಿ ಅದ ಅಲ್ಲ, ಶಿವಗಂಗವ್ವ ನೇಯ್ದದ್ದು. ಅಕಿಗೂ ಓಟಿಲ್ಲ.

ನಾಲ್ವತ್ತೊಂದು ಮಂದಿ ನೇಯೋ ಹೆಣ್ಮಕ್ಕಳು. ಪುಸ್ತಕದಾಗ "ನಾಮಮಾತ್ರ ಸದಸ್ಯರು." ಅಂದ್ರ ಸಭಾಕ್ಕ ಬರಬಹುದು, ಚಾ ಕುಡೀಬಹುದು, ಓಟು ಹಾಕೂಹಂಗಿಲ್ಲ. ಅಲ್ರೀ, ದಿಲ್ಲಿ ಸರಕಾರ ಮಾಡ್ಲಿಕ್ಕೆ ರೇಷ್ಮಾಬಿ ಓಟು ನಡೀತದ. ಬೆರಳಿಗೆ ಶಾಯಿ ಹಚ್ಚಿಸ್ಕೊಂಡು ಬಂದು ನನಗ ತೋರಸ್ತಿದ್ಳು. ಆದ್ರ ಈ ಮುರಕ ಕುರ್ಚಿಮ್ಯಾಲೆ ಯಾರು ಕೂಡಬೇಕು ಅನ್ನಲಿಕ್ಕೆ ನಡಿಯೂದಿಲ್ಲ! ದಿಲ್ಲಿಗಿಂತ ದೊಡ್ಡ ಕುರ್ಚಿ ನೋಡ್ರಿ ಇದು.

ನಮಗೂ ಓಟು ಕೊಡ್ರಿ ಅಂತ ಅಕಿ ಹದಿನಾರು ವರ್ಷ ಹದಿನಾರು ಅರ್ಜಿ ಕೊಟ್ಟಳು. ಒಬ್ಬ ಡೈರೆಕ್ಟರ್ — ಹೆಸರು ಬ್ಯಾಡ, ತಲಿ ಕೆಳಗ ಹಾಕ್ಯಾರ, ಗೊತ್ತಾಗ್ತದ — "ಒಂದ ಮನಿಗೆ ಎರಡು ಓಟು ಯಾಕ ಬೇ?" ಅಂದ್ರು. ಅಕಿ ತಣ್ಣಗ ಹೇಳಿದ್ಳು: "ಬ್ಯಾಡ್ರೀ ಸಾವಕಾರ್ರ, ಒಂದ ಇರ್ಲಿ. ನೇಯ್ದೋರ ಹೆಸರಲೆ ಇರ್ಲಿ."

ಈ ಸಂಘದಾಗ ಕೈ ಎತ್ತೂದಿಲ್ಲ, ಚೀಟಿ ಹಾಕೂದಿಲ್ಲ. ಒಪ್ಪಿದವ್ರು ಎದ್ದು ನಿಂದರಬೇಕು, ಒಪ್ಪಲಾರದವ್ರು ಕೂತಿರಬೇಕು. ಚೇರಮನ್ರದ ಕಾಯ್ದೆ. ಪ್ರತಿ ವರ್ಷ ಅಲ್ಲೆ, ಆ ನೂಲಿನ ಕ್ವಾಣಿ ಬಾಗಲದಾಗ, ರೇಷ್ಮಾಬಿ ಒಬ್ಬಾಕಿ ಎದ್ದು ನಿಂದರತಿದ್ಳು. ಗಂಡಸರೆಲ್ಲಾ ಕೂತ ಇರ್ತಿದ್ರು. ಮಾಬುಸಾಬ ಕಾಕಾ, ಕ್ಷಮಿಸ್ರಿ, ಖರೇ ಹೇಳ್ತೇನಿ — ನೀವೂ ಕೂತ ಇರ್ತಿದ್ರಿ.

ನಾನೇನ್ ಮಾಡ್ತಿದ್ದೆ? ನನ್ನನ್ನೂ ಬಿಡಬ್ಯಾಡ್ರಿ. ನಾನು "ಸರ್ವಾನುಮತದಿಂದ ತಿರಸ್ಕರಿಸಲಾಯಿತು" ಅಂತ ಬರೀತಿದ್ದೆ. ಹದಿನಾರು ಸಲ, ಇದ ಕೈಲೆ. ಹೋದ ವಾರ ಅಕಿನ್ನ ನೋಡ್ಲಿಕ್ಕೆ ಮನಿಗೆ ಹೋಗಿದ್ದೆ. ಮಾತು ಭಾಳ ಸಣ್ಣ ಆಗಿತ್ತು. "ಬಾಯಾರ, ನಾ ಎದ್ದು ನಿಂತದ್ದು ನೀವು ನೋಡೀರಿ ಹೌದಲ್ರಿ?" ಅಂದ್ಳು. ನೋಡೇನಿ ಅಂದೆ. "ಬರದೀರೇನ್ರಿ?" ಅಂದ್ಳು —

ಒಂದು ನಿಮಿಷ. ನೀರು ಕೊಡು ರೂಬಿನಾ.

— ಸುಳ್ಳ ಹೇಳಿದೆ. ಹೌದು, ಬರದೇನಿ ಅಂದೆ. ಅಕಿ ಕಣ್ಣು ಮುಚ್ಚಿ ನಕ್ಕಳು.

ಈಗ ಕೇಳ್ರಿ. ಇವತ್ತ ಇದು ಶ್ರದ್ಧಾಂಜಲಿ ಸಭಾ ಇದ್ದಿದ್ದಿಲ್ಲ. ಇವತ್ತ ವಾರ್ಷಿಕ ಸಭಾ. ಐದನೇ ವಿಷಯ, ರೇಷ್ಮಾಬಿ ಹದಿನೇಳನೇ ಅರ್ಜಿ. ಈ ಸಲ ಒಂದಿಷ್ಟ ಗಂಡಸರ ಮನಸು ತಿರಗಿತ್ತು, ಚೇರಮನ್ರಿಗೂ ಅದು ಗೊತ್ತಿತ್ತು. ಸೋಮವಾರ ಅಕಿ ತೀರಿಕೊಂಡಳು. ಮಂಗಳವಾರ ಇವರು ನನಗ ಹೇಳ್ತಾರ, "ಪಾಪ, ಇಂಥಾ ದುಃಖದಾಗ ಠರಾವು ಗಿರಾವು ಛಂದ ಕಾಣೂದಿಲ್ಲ. ಶ್ರದ್ಧಾಂಜಲಿ ಮಾಡೂಣು. ಆ ವಿಷಯ ಮುಂದಿನ ವರ್ಷ ನೋಡೂಣು." ಥೂ! ಅಕಿ ಅರ್ಜಿ ಮುಚ್ಚಲಿಕ್ಕೆ ಅಕಿ ಕಫನ್ ಬಟ್ಟಿನೇ ಬೇಕಾತೇನ್ರಿ ನಿಮಗ?

ಚೇರಮನ್ರ, ಮೈಕ್ ಕಸಗೋಬ್ಯಾಡ್ರಿ. ಸಭಾ ಮುಂದೂಡಿದ ನೋಟೀಸ್ ಹೊರಡಿಸಬೇಕಾದಾಕಿ ನಾನು. ನಾನು ಹೊರಡಿಸಿಲ್ಲ. ಕೋರಂ ಅದ — ಮೂವತ್ತೆಂಟು ಮಂದಿ ಸದಸ್ಯರು ಕೂತೀರಿ. ಠರಾವಿನ ಪುಸ್ತಕ ಇಲ್ಲೆ, ನನ್ನ ಕೈಯಾಗ ಅದ. ಐದನೇ ವಿಷಯ — ನೇಯೋ ಹೆಣ್ಮಕ್ಕಳಿಗೆ ಓಟು — ಓದೇನಿ, ಎಲ್ಲಾರೂ ಕೇಳೀರಿ.

ಈಗ ತೀರಿಕೊಂಡಾಕಿಗೆ ಎರಡು ನಿಮಿಷ ಮೌನ. ಎಲ್ಲಾರೂ ಎದ್ದು ನಿಂದರಬೇಕಂತ ವಿನಂತಿ. ನೋಡ್ರಿ, ಮದಲ ಹೇಳ್ತೇನಿ, ಆಮ್ಯಾಲೆ ಮೋಸ ಆತು ಅನಬ್ಯಾಡ್ರಿ. ಎದ್ದವ್ರನ್ನ ಎದ್ದಾರಂತ ಬರೀತೇನಿ. ಕೂತವ್ರನ್ನ ಕೂತಾರಂತ, ಹೆಸರು ಹಿಡದು ಬರೀತೇನಿ. ಮಣ್ಣಾದಾಕಿ ಮುಂದ ಕೂತಿರ್ತೇನಿ ಅನ್ನೋ ಧೈರ್ಯ ಯಾರಿಗದ, ಕೂಡ್ರಿ.

ಮಾಬುಸಾಬ ಕಾಕಾ — ಸಾವಕಾಶ. ರೂಬಿನಾ, ಅವರ ಕೈ ಹಿಡೀವಾ. ಎದ್ರು. ಒಂದು.

ಎರಡು. ಮೂರು. ಆ ಸಾಲೆಲ್ಲಾ... ಹನ್ನೊಂದು. ಹಿಂದಿನವ್ರು, ಇಪ್ಪತ್ತಾರು. ಡೈರೆಕ್ಟರ್ ಮಂಡಳಿ, ಮೂವತ್ತೇಳು. ಬಾಗಲದಾಗಿನ ಹೆಣ್ಮಕ್ಕಳ, ನೀವು ಆಗಲೇ ನಿಂತೀರಿ, ಕಂಡದ. ಅದನ್ನೂ ಬರೀತೇನಿ.

ಲಕ್ಕಪ್ಪನವರ? ಮಂಡಿ ನೋವೇನ್ರಿ? ಶಿವಗಂಗವ್ವ ನಿಮ್ಮ ಕಡೆನ ನೋಡ್ಲಿಕ್ಕೆ ಹತ್ಯಾಳ.

ಹಾಂ. ಮೂವತ್ತೆಂಟು.

ಐದನೇ ವಿಷಯ ಪಾಸಾತು, ಸರ್ವಾನುಮತ. ಈ ಸಲ ಸುಳ್ಳ ಬರದಿಲ್ಲ, ರೇಷ್ಮಾಬಿ.

ಇನ್ನ ಯಾರೂ ಮಾತಾಡಬ್ಯಾಡ್ರಿ.