ಅತ್ತೆಯ ಹೆರಳು

ಧನಕವಡಿಯ ಬಸ್ ನಿಲ್ದಾಣದಲ್ಲಿ ನನ್ನ ಹಿಂದೆ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡುತ್ತಿದ್ದರು.

"ಶೈಲಾ, ನಿಮ್ಮ ಅತ್ತಿನ್ನ ದಿನಾ ಮುದುಕರ ಡೇ ಕೇರಿಗೆ ಬಿಟ್ಟು ಬರ್ತೀಯಂತ. ಹೊಂದಿಕೊಂಡ್ರೇನು?"

"ಭಾಳ ಹೊಂದಿಕೊಂಡಾರ್ರಿ ಅಕ್ಕಾರ. ನಾ ಚಾ ಕುಡಿಯೂದರಾಗ ಬಾಗಲದಾಗ ನಿಂತಿರ್ತಾರ."

"ಚಲೋ ಆತಲ್ಲ."

"ಅಲ್ಲೊಬ್ಬಾಕಿ ಮರಾಠಿ ಹುಡುಗಿ ಅದಾಳ. ಎಣ್ಣಿ ಹಚ್ಚಿ ಹೆರಳ ಹಾಕ್ತಾಳ. ನನ್ನ ಮದುವ್ಯಾದಾಗಿಂದ ಒಂದ ದಿನಾನೂ ನನ್ನ ಕೈಗೆ ತಲಿ ಕೊಟ್ಟಿಲ್ಲ ಅವರು. ಸೊಸಿ ಬಾಚಿದ್ರ ಕೂದಲ ಉದುರ್ತಾವಂತ."

"ಹಿರೇರು, ಬಿಡು."

"ಬಿಟ್ಟೀನ್ರಿ. ಸೋಮವಾರದಿಂದ ಬೇರೆ ಡೇ ಕೇರಿಗೆ ಹಾಕ್ತೀನಿ."

"ಅದು ಇದಕ್ಕಿಂತ ಚಲೋ ಅದ ಏನು?"

"ದೂರ ಅದ. ಊಟಾನೂ ಸಪ್ಪಗ."

"ಮತ್ತ ಯಾಕ?"

ಬಸ್ಸು ಬಂತು. ಶೈಲಾ ಮೆಟ್ಟಿಲು ಹತ್ತುತ್ತಲೇ ಹೇಳಿದಳು:

"ಅಲ್ಲಿ ಯಾರ ತಲೀನೂ ಬಾಚೂದಿಲ್ರಿ. ವಿಚಾರಿಸೇ ಬಂದೀನಿ."