ಎಲ್ಲರಿಗೂ ಒಂದೇ ಬೀಗದ ಕೈ

ಕಿರುಗಾವಲಿನಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ತಮ್ಮ ಜೊತೆಗಾರನ ಮುಖಕ್ಕೆ ಮೊಬೈಲು ಹಿಡಿದರು.

"ಶಿವರಾಜು, ನಮ್ ಕೇರಿಯೋರಿಗೆ ಅಂತ ನೀನು ಮಾಡಿದ್ದ ಆಪು ನನ್ನೇ ಒಳಕ್ಕೆ ಬುಡ್ತಿಲ್ವಲ್ಲಾ. ಅದೇನೋ ನಂಬರ್ ಕೇಳ್ತದೆ."

"ಮೆಸೇಜ್ ಬಂದದೆ ನೋಡು ಚಿಕ್ಕವ್ವ, ಆ ನಂಬರ್ ಆಕು. ಸರ್ವರ್ ನಮ್ ಮನೇಲೇ ಅದೆ, ಕಾವಲೂ ನಾನೇ ಆಕ್ಬೇಕು. ಇನ್ಮುಂದೆ ಹೊಸಬ್ರು ಸೇರ್ಬೇಕಂದ್ರೂ ನಾನು ಒಪ್ಪಬೇಕು."

"ಇದ್ದಕ್ಕಿದ್ದಂಗೆ ಯಾಕ್ಲಾ?"

"ಯಾವನೋ ನಮ್ಮೋರ ಎಸರಲ್ಲಿ ಒಳೀಕೆ ಬಂದಿದ್ದ."

"ಯಾರ ಎಸರಲ್ಲಿ?"

ಅವನು ತನ್ನ ಚಪ್ಪಲಿ ನೋಡಿಕೊಂಡ.

"ನಿನ್ನ ಎಸರಲ್ಲೇ. ಮರೀದೆ ಇರ್ಲಿ ಅಂತ ಎಲ್ರಿಗೂ ಅಂಬೇಡ್ಕರ್ ಜಯಂತಿ ತಾರೀಕ್ನೇ ಪಾಸ್‌ವರ್ಡ್ ಮಾಡಿಕೊಟ್ಟಿದ್ದೆ. ಯಾರು ಬೇಕಾದ್ರೂ ಊಹಿಸ್ಬೋದಿತ್ತು."

"ಅಂಗಾರೆ ಆಪಲ್ಲಿ ನನ್ ತಂಗಿ ಅರುಂಧತಿನ ಬೈದು ಬರ್ದಿದ್ದು ನಾನಲ್ಲ ಅಂತ ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾವತ್ತಿಂದ?"

"ಮಾರನೇ ದಿನದಿಂದ."

"ಸ್ವಂತ ತಂಗಿ, ಮಗಳ ಮದ್ವೆಗೆ ನನ್ನ ಕರೀಲಿಲ್ಲ ಕಣ್ಲಾ! ನಾನಲ್ಲ, ನಾನಲ್ಲ ಅಂತ ಕಂಡಕಂಡೋರ್ಗೆಲ್ಲ ಆಣೆ ಮಾಡ್ದೆ. ನೀನೂ ಕೇಳ್ಕಂಡು ನಿಂತಿದ್ದೆ."

"ತಪ್ಪಾಯ್ತು ಚಿಕ್ಕವ್ವ. ಎಲ್ರೂ ನನ್ನೇ ಉಗೀತಾರೆ ಅಂತ ಸುಮ್ಕಾದೆ."

ಬಸ್ಸು ಬಂತು. ನಾನು ಹತ್ತಿ ಕಿಟಕಿ ಪಕ್ಕ ಕೂತೆ, ಆಕೆ ಹತ್ತಲಿಲ್ಲ.

"ನಡಿ, ಈಗ್ಲೇ ಅವ್ಳ ಮನೆಗೆ."

"ನಾಳೆ ಬತ್ತೀನಿ."

"ಇಷ್ಟು ದಿನ ನಾಳೆ ಅಂದಿದ್ದು ಸಾಕು."

ಇಬ್ಬರೂ ಊರೊಳಕ್ಕೆ ತಿರುಗಿದರು. ಅವನು ನಾಲ್ಕು ಹೆಜ್ಜೆ ಹಿಂದಿದ್ದ.

"ಅವ್ಳು ಬಾಗ್ಲು ತಗೀದಿದ್ರೆ?"

"ಬೀದೀಲಿ ನಿಂತ್ಕಂಡು ಕೂಗು. ಆ ಬೈಗುಳವ ಕೇರಿಯೆಲ್ಲ ಓದಿತ್ತು. ಇದ್ನೂ ಕೇರಿಯೆಲ್ಲ ಕೇಳ್ಲಿ."