ಮುಚ್ಚಿದ ಬಾವಿಯ ಸಿಹಿನೀರು

ಮಕ್ಕಳು ಮಲಗಿದವಾ? ಹಾಗಾದರೆ ಆ ಲಾಂದ್ರ ಸ್ವಲ್ಪ ಇಳಿಸಿ, ಹೇಳುತ್ತೇನೆ. ದೂರದ ಊರಿನ ಕತೆಯಲ್ಲ ಇದು. ನಮ್ಮ ಚಿಕ್ಕಪ್ಪನ ಮಗಳು ರಕೇರಾಳಿಗೆ ಆದದ್ದು, ಇದೇ ದ್ವೀಪದಲ್ಲಿ, ಚರ್ಚಿನ ಆಚೆಬದಿಯ ಕೇದಗೆ ಪೊದೆಗಳ ನಡುವೆ.

ಆ ರಾತ್ರಿ ಪಾಸ್ಕ ಹಬ್ಬದ ಹಾಡು ಕಲಿಯುವುದು ಮುಗಿಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಉಳಿದ ಹೆಂಗಸರು ನಗುತ್ತಾ ದೊಡ್ಡ ದಾರಿ ಹಿಡಿದರು. ರಕೇರಾ ಮಾತ್ರ ಒಬ್ಬಳೇ ಬಾವಿಯ ದಾರಿಯಲ್ಲಿ ಬಂದಳು. ಉಟ್ಟ ಬಟ್ಟೆಯ ಗಂಟಿನಲ್ಲಿ ಎರಡು ಪುಟ್ಟ ಸೀಸೆಗಳು ಒಂದಕ್ಕೊಂದು ತಾಗಿ 'ಕಿಣಿ... ಕಿಣಿ' ಅನ್ನುತ್ತಿದ್ದವು. ಆಚೆ ಹವಳದ ದಿಬ್ಬಕ್ಕೆ ಸಮುದ್ರ ಬಡಿಯುವ ಸದ್ದು... ಹತ್ತಿರದಲ್ಲಿ ಒಣಗಿದ ಕೇದಗೆ ಎಲೆಯ ಮೇಲೆ ಏಡಿ ಹರಿಯುವ 'ಪರಪರ'...

ಆಮೇಲೆ ಬಾವಿಯ ಕಡೆಯಿಂದ ಇನ್ನೊಂದು ಸದ್ದು.

ಟೊಕ್... ಟೊಕ್.

ತೆಂಗಿನ ಚಿಪ್ಪನ್ನು ಕಲ್ಲಿನ ಅಂಚಿಗೆ ತಟ್ಟಿದ ಹಾಗೆ. ಅದರ ಹಿಂದೆಯೇ, ನೀರಿನ ಮೈ ಸವರಿದ ಹಾಗೆ 'ಸುಯ್ಯ್'...

ರಕೇರಾ ನಿಂತುಬಿಟ್ಟಳು. ಭಯದಿಂದ ಅಂದುಕೊಳ್ಳಬೇಡಿ. ಭಯಕ್ಕಿಂತ ಮೊದಲು ಅವಳ ಎದೆಯಲ್ಲಿ ಎದ್ದದ್ದು ಉರಿ. ಚಿಪ್ಪನ್ನು ಹಾಗೆ ತಟ್ಟಿ ಆಮೇಲೆ ನೀರು ಮೊಗೆಯುತ್ತಿದ್ದವಳು ಊರಿನಲ್ಲಿ ಒಬ್ಬಳೇ... ರಕೇರಾಳ ಗಂಡ ಇಯೋಬಿಯ ಮೊದಲ ಹೆಂಡತಿ, ತೆಮರೆವೆ. ಹೆರಿಗೆಯಲ್ಲಿ ಮಗುವಿನ ಸಮೇತ ತೀರಿಕೊಂಡವಳು. ದೇವರು ಆ ಎರಡು ಆತ್ಮಗಳಿಗೂ ನಿತ್ಯ ವಿಶ್ರಾಂತಿ ಕೊಡಲಿ.

"ಯಾರು?" ಅಂದಳು ರಕೇರಾ, ಮೆಲ್ಲಗೆ.

ಸದ್ದು ನಿಂತಿತು. ಹೋಗಿ ನೋಡಿದರೆ ಯಾರೂ ಇಲ್ಲ. ಚಿಪ್ಪು ಮಾತ್ರ ಅದರ ಕೋಲಿನ ತುದಿಯಲ್ಲಿ ತೂಗುತ್ತಾ ಇತ್ತು... ತೊಟ್, ತೊಟ್ ಅಂತ ನೀರು ಬೀಳಿಸುತ್ತಾ.

ಆ ಬಾವಿಯ ವಿಷಯ ನಿಮಗೆಲ್ಲ ಗೊತ್ತೇ ಇದೆ. ನಮ್ಮ ಮರಳಿನ ಕೆಳಗೆ ದೇವರು ಮಳೆನೀರನ್ನು ತೆಳ್ಳಗೆ ಹಾಸಿಟ್ಟಿದ್ದಾನೆ, ಅದರ ಕೆಳಗೆಲ್ಲ ಸಮುದ್ರ. ಮೇಲಿನದನ್ನು ಸವರಿ ತೆಗೆದುಕೊಂಡವರಿಗೆ ಸಿಹಿ. ಆಸೆಬಿದ್ದು ಕೊಡ ಮುಳುಗಿಸಿದವರಿಗೆ ಉಪ್ಪು. ತೆಮರೆವೆ ಆ ಬಾವಿಗೆ ಕೈಯಾರೆ ಹವಳದ ಕಲ್ಲು ಕಟ್ಟಿದ್ದಳು. ಹತ್ತಿರ ಹಂದಿ ಕಟ್ಟಗೊಡುತ್ತಿರಲಿಲ್ಲ, ಸೋಪು ತರಗೊಡುತ್ತಿರಲಿಲ್ಲ. ಊರಿನಲ್ಲಿ ಉಳಿದ ಬಾವಿಗಳೆಲ್ಲ ಮೀಯಲಿಕ್ಕೆ, ಬಟ್ಟೆಗೆ. ಕುಡಿಯಲಿಕ್ಕೆ ಅದೊಂದೇ. ಅವಳು ಹೋದ ಮೇಲೂ ಜನ ಅದನ್ನು ಕರೆಯುವುದು ಹಾಗೆಯೇ... ತೆಮರೆವೆಯ ಬಾವಿ. ತೆಮರೆವೆಯ ನೀರು.

ಹೊಸದಾಗಿ ಮದುವೆಯಾಗಿ ಬಂದವಳಿಗೆ ದಿನಾ ಇದೇ ಮಾತು ಕಿವಿಗೆ ಬಿದ್ದರೆ ಹೇಗಾಗಬೇಕು ಹೇಳಿ? ಅತ್ತೆ ಅನ್ನುವಳು, "ತೆಮರೆವೆ ನೀರು ತಗೊಂಡು ಬಾರೇ." ಪಕ್ಕದಮನೆಯವಳು ಅನ್ನುವಳು, "ತೆಮರೆವೆ ನೀರಲ್ಲಿ ಬೆಂದ ಅನ್ನಾನೇ ಬೇರೆ ಬಿಡು." ಇಯೋಬಿ ಒಳ್ಳೆಯವನು, ಗದರಿದವನಲ್ಲ. ಆದರೆ ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಕಣ್ಣು ಮುಚ್ಚಿ, "ಆಹಾ... ತೆಮರೆವೆ" ಅಂದುಬಿಟ್ಟ.

"ಚಹಾ ಕಾಸಿದವಳು ನಾನು!" ಅಂದಳು ರಕೇರಾ.

"ನೀರಿನ ಮಾತು ಹೇಳಿದೆ ಕಣೇ..."

"ನೀರಿಗೆ ಬಾಯಿದ್ದಿದ್ರೆ ಅದನ್ನೇ ಮದುವೆ ಆಗ್ತಿದ್ದೆ ನೀನು."

ಅಂದಿನಿಂದ ಹಠ. ನನಗೂ ಒಂದು ಬಾವಿ ಬೇಕು, ಆ ಬಾವಿಗಿಂತ ಆಳ ಬೇಕು, ಮನೆಯ ಹತ್ತಿರವೇ ಬೇಕು. ಇಯೋಬಿ, "ಆಳ ಹೋದ್ರೆ ಸಮುದ್ರ ಬರುತ್ತೆ, ಹಂದಿದೊಡ್ಡಿನೂ ಪಕ್ಕದಲ್ಲಿದೆ" ಅಂತ ಎಷ್ಟು ಹೇಳಿದರೂ ಬಿಡಲಿಲ್ಲ. ಅವಳ ಎದೆಯಷ್ಟು ಆಳ ತೋಡಿಸಿದಳು. ನೀರೇನೋ ಧಾರಾಳವಾಗಿ ಬಂತು. ಊರ ಹೆಂಗಸರು ಬಾಯಿಗೆ ಹಾಕಿ ನೋಡಿ ಮುಖ ಮುಖ ನೋಡಿಕೊಂಡರು.

"ಏನೇ ರಕೇರಾ, ನಿನ್ನ ನೀರು ಬಹಳ ಅನುಕೂಲ ನೋಡು. ಮೀನಿಗೆ ಉಪ್ಪು ಹಾಕೋ ಖರ್ಚೇ ಇಲ್ಲ!"

ಆ ನಗು ಅವಳ ಮೈಯಲ್ಲಿ ಮುಳ್ಳಾಗಿ ಉಳಿಯಿತು.

ಅದೇ ಸಮಯಕ್ಕೆ ಆಸ್ಪತ್ರೆಯ ನರ್ಸ್ ತೊಆಕೈ ಮೋಟರುಬೈಕಿನಲ್ಲಿ ಬಂದಳು. ಬಿಸಿಲುಗಾಲ, ಮಳೆಯಿಲ್ಲ, ಊರೂರಿನಲ್ಲಿ ಮಕ್ಕಳಿಗೆ ಭೇದಿ. ಕುಡಿಯುವ ನೀರನ್ನು ಪರೀಕ್ಷೆ ಮಾಡಬೇಕು ಅಂದಳು. ರಕೇರಾಳ ಕೈಗೆ ಎರಡು ಸೀಸೆ ಕೊಟ್ಟಳು. ಒಳಗೆ ಒಂದೊಂದು ಕಾಗದದ ಚೂರು. "ಬಿಳಿ ದಾರದ್ದಕ್ಕೆ ಹಳೇ ಬಾವಿ ನೀರು, ಕೆಂಪು ದಾರದ್ದಕ್ಕೆ ನಿನ್ನ ಬಾವೀದು. ಬಟ್ಟೆ ಸುತ್ತಿ ಕತ್ತಲಲ್ಲಿಡು. ನೀರು ಕೆಟ್ಟಿದ್ರೆ ಕಪ್ಪಾಗುತ್ತೆ. ಆಚೆ ಊರು ಮುಗಿಸಿ ಬಂದು ನೋಡ್ತೀನಿ" ಅಂದು ಹೋದಳು.

ಹಾಡು ಕಲಿತು ಬರುತ್ತಾ ರಕೇರಾ ಬಾವಿಯ ದಾರಿ ಹಿಡಿದದ್ದು ಅದಕ್ಕೇ. ಆ ರಾತ್ರಿ ಅವಳು ಮಾಡಿದ ಕೆಲಸ ಇದು. ಸತ್ತವಳ ಬಾವಿಯ ನೀರನ್ನು ತನ್ನ ಕೆಂಪು ದಾರದ ಸೀಸೆಗೆ ತುಂಬಿದಳು. ಮನೆಗೆ ಹೋಗಿ ತನ್ನ ಬಾವಿಯ ನೀರನ್ನು ಬಿಳಿ ದಾರದ ಸೀಸೆಗೆ ತುಂಬಿದಳು.

ತೊಆಕೈ ಬಂದಾಗ ಊರೆಲ್ಲ ಸಭೆಯ ದೊಡ್ಡ ಚಪ್ಪರ ಮನೇಬಾದಲ್ಲಿ ಸೇರಿತ್ತು. ಬಟ್ಟೆ ಬಿಚ್ಚಿದರು. ಕೆಂಪು ದಾರದ್ದು ತಿಳಿ. ಬಿಳಿ ದಾರದ್ದು... ಇದ್ದಲಿನ ಹಾಗೆ ಕಪ್ಪು.

ಒಬ್ಬ ಮುದುಕಿ, "ನಮ್ಮ ತೆಮರೆವೆ ನೀರಾ?" ಅಂದು ಅತ್ತಳು. ತೊಆಕೈ, "ಬೇಜಾರು ಮಾಡ್ಕೋಬೇಡಿ. ಬಾವಿ ಮುಚ್ಚಿ. ರಕೇರಾ ಬಾವೀದು ಕುಡೀರಿ, ಸ್ವಲ್ಪ ಉಪ್ಪಿದ್ರೂ ಪರವಾಗಿಲ್ಲ" ಅಂದಳು. ಅದೇ ಸಂಜೆ ಗಂಡಸರು ಸೇರಿ ಹಳೇ ಬಾವಿಯ ಮೇಲೆ ಚಪ್ಪಡಿ ಎಳೆದರು. ಮಕ್ಕಳು ಇಣುಕದಿರಲಿ ಅಂತ ಸುತ್ತಲೂ ಸಿಮೆಂಟು ಮೆತ್ತಿದರು. ಉಪದೇಶಿ ತೆಬಾನಿ ಒಂದು ಪ್ರಾರ್ಥನೆ ಹೇಳಿದ. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು. ರಕೇರಾಳೂ ಹಾಕಿಕೊಂಡಳು... ಆ ಕೈ ಹೇಗೆ ಎದ್ದಿತೋ, ದೇವರೇ ಬಲ್ಲ.

ಮರುದಿನದಿಂದ ಅವಳ ಅಂಗಳದಲ್ಲಿ ಕೊಡಗಳ ಸಾಲು. "ರಕೇರಾ ನೀರು ಕೊಡೇ" ಅಂತ ಜನ ಕರೆಯುವುದನ್ನು ಕೇಳಿ ಹೊಟ್ಟೆ ತಂಪಾಯಿತು.

ಆ ತಂಪು ಬಹಳ ದಿನ ಇರಲಿಲ್ಲ. ಅವಳ ಮಗು ಬೆರೇನಿಗೆ ಭೇದಿ ಹಿಡಿಯಿತು. ಇನ್ನೂ ಕೂರಲು ಕಲಿಯುತ್ತಿದ್ದ ಹೆಣ್ಣುಮಗು. ಎದೆಹಾಲು ಒಲ್ಲದು. ಎಳನೀರು ಕೊಟ್ಟರೆ ಕಕ್ಕುವುದು. ತೊಆಕೈ ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣ ಕೊಟ್ಟು, "ಒಳ್ಳೇ ನೀರಲ್ಲಿ ಕದಡಿ ಚಮಚದಲ್ಲಿ ಕುಡಿಸ್ತಾ ಇರು, ಬಿಡಬೇಡ. ನೀರು ಮಾತ್ರ ಒಳ್ಳೇದಿರಬೇಕು" ಅಂದಳು.

ಒಳ್ಳೆಯ ನೀರು! ತನ್ನ ಬಾವಿಯದನ್ನು ಕುದಿಸಿ, ಆರಿಸಿ, ಕದಡಿ ನೋಡಿದಳು. ಕುದಿಸಿದರೆ ಉಪ್ಪು ಹೋಗುತ್ತದೆಯೇ? ಪೊಟ್ಟಣದ ಉಪ್ಪಿನ ಮೇಲೆ ಬಾವಿಯ ಉಪ್ಪು. ಮಗು ತುಟಿಗೆ ತಾಗಿದ್ದೇ ಮುಖ ತಿರುಗಿಸಿತು. ಮೂರನೆಯ ರಾತ್ರಿ ಅದರ ನಾಲಿಗೆ ಕಾಗದದ ಹಾಗೆ ಒಣಗಿತ್ತು. ಅತ್ತರೆ ಕಣ್ಣೀರು ಬರುತ್ತಿರಲಿಲ್ಲ.

ಇಯೋಬಿ ಮೀನಿಗೆ ಹೋಗಿದ್ದ, ಅತ್ತೆ ಜಪಸರ ಹಿಡಿದೇ ನಿದ್ದೆಹೋಗಿದ್ದಳು. ರಕೇರಾ ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಹಾರೆ, ಸೊಂಟಕ್ಕೆ ಸಣ್ಣ ಪಾತ್ರೆ ಕಟ್ಟಿಕೊಂಡು ಹೊರಟಳು. ಸಿಮೆಂಟು ಒಡೆದೇನು, ಒಂದು ಲೋಟ ನೀರು ಕದ್ದೇನು, ಬೆಳಗಾಗುವ ಮೊದಲು ಮುಚ್ಚಿಬಿಟ್ಟೇನು. ಯಾರಿಗೂ ತಿಳಿಯುವುದು ಬೇಡ... ದಾರಿಯುದ್ದಕ್ಕೂ ಅವಳ ಲೆಕ್ಕ ಇದೇ. ಆ ಹೊತ್ತಿನಲ್ಲೂ 'ಅವಳ ನೀರೇ ಬೇಕಾಯಿತಲ್ಲ' ಅನ್ನುವ ಉರಿ ಆರಿರಲಿಲ್ಲ.

ಕೇದಗೆ ದಾಟುವಾಗ ಕೇಳಿಸಿತು.

ಟೊಕ್... ಟೊಕ್.

ಸುಯ್ಯ್...

ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಬಾವಿಯ ಅಂಚಿನಲ್ಲಿ ಒಬ್ಬಳು ಕುಕ್ಕರುಗಾಲಿನಲ್ಲಿ ಕೂತಿದ್ದಳು, ಬೆನ್ನು ಈ ಕಡೆ. ಕೂದಲನ್ನು ಮೇಲಕ್ಕೆತ್ತಿ ಗಂಟು ಹಾಕಿದ್ದಳು, ಕೆಲಸಕ್ಕೆ ಕೂತ ಹೆಂಗಸರು ಹಾಕುವ ಹಾಗೆ. ಮುಖ ತಿರುಗಿಸಲಿಲ್ಲ.

ರಕೇರಾಳ ಕೈಯಿಂದ ಹಾರೆ ಜಾರಿ ಮರಳಿಗೆ 'ದಪ್' ಅಂತ ಬಿತ್ತು. ಅವಳು ಶಿಲುಬೆಯ ಗುರುತು ಹಾಕಿಕೊಂಡಳು.

ಕೂತವಳೂ ಹಾಕಿಕೊಂಡಳು.

"ಯಾರಿಗೆ ನೀರು?" ದನಿ ಪಿಸುಮಾತಿನಷ್ಟೇ.

"ಮಗೂಗೆ..."

"ನಿನಗೆ ಬಾವಿ ಇದ್ಯಲ್ಲ."

"ಅದು... ಅದು ಕೆಟ್ಟ ನೀರು."

"ಹೌದಾ? ಊರೆಲ್ಲ ಕುಡೀತಿದೆ."

ಮಗು ಒಣ ಗಂಟಲಲ್ಲಿ 'ಕ್ಹ್... ಕ್ಹ್' ಅಂದಿತು.

"ಇದು ಯಾರ ಬಾವಿ?"

ನೋಡಿ ಅವಳ ಹಠ. ಪ್ರಾಣ ಹೋಗುತ್ತಿರುವ ಮಗು ಭುಜದ ಮೇಲಿದೆ, ಆದರೂ ಆ ಒಂದು ಮಾತು ಗಂಟಲು ದಾಟಲೊಲ್ಲದು. ಇಯೋಬಿಯ ಅಪ್ಪನ ಬಾವಿ ಅನ್ನಬಹುದು. ಊರಿನ ಬಾವಿ ಅನ್ನಬಹುದು. ಅಂದೂ ಅಂದಳು. ಕೂತವಳು ಚಿಪ್ಪನ್ನು ಅಲುಗಿಸಲಿಲ್ಲ. ಆಚೆ ಸಮುದ್ರ ಬಡಿಯಿತು... ಮತ್ತೆ ಬಡಿಯಿತು...

"ನಿನ್ನದು" ಅಂದಳು ರಕೇರಾ ಕೊನೆಗೆ. "ನಿನ್ನದು ತೆಮರೆವೆ ಅಕ್ಕಾ."

ಅವಳ ಬಾಯಲ್ಲಿ ಆ ಹೆಸರು, ಆ ಅಕ್ಕ ಅನ್ನುವ ಮಾತು, ಅದೇ ಮೊದಲು.

"ಬಾ. ನೀನೇ ಮೊಗಿ. ಚಿಪ್ಪು ತೇಲಿಸೋಕೆ ಎರಡೂ ಕೈ ಬೇಕು. ಮಗೂನ ನನಗೆ ಕೊಡು."

ಆ ಕ್ಷಣ ಭಯ ಬಂದಿತು ನಿಜವಾಗಿ. ಗಂಡನ ಅರ್ಧ ಮನಸ್ಸನ್ನು ಹಿಡಿದಿಟ್ಟವಳು, ಊರನ್ನೆಲ್ಲ ಹಿಡಿದಿಟ್ಟವಳು, ಈಗ ಮಗುವನ್ನೂ ಕೇಳುತ್ತಿದ್ದಾಳೆ. "ಕೊಡಲ್ಲ" ಅಂದಳು. ನೆಲದ ಮೇಲೆ ಮಲಗಿಸಲು ನೋಡಿದರೆ ಏಡಿಗಳ 'ಪರಪರ'. ಮಗುವಿನ ಕತ್ತು ಹಿಂದಕ್ಕೆ ಜೋತುಬಿತ್ತು. ಅವಳು ಮಾತೆ ಮರಿಯಮ್ಮನನ್ನು ಕರೆದಳು, ಕಣ್ಣು ಮುಚ್ಚಿದಳು, ಮಗುವನ್ನು ಮುಂದಕ್ಕೆ ಚಾಚಿದಳು.

ತೋಳಿನ ಮೇಲಿನ ಭಾರ ಇಳಿಯಿತು.

ಕಣ್ಣು ತೆರೆಯದೆ ಬಾವಿಯ ಅಂಚು ತಡವಿ ಕೂತಳು. ಚಿಪ್ಪನ್ನು ಒತ್ತದೆ, ಮುಳುಗಿಸದೆ, ನೀರಿನ ಮೈಮೇಲೆ ತೇಲಿಸಿದಳು. ಸುಯ್ಯ್... ಪಾತ್ರೆಗೆ ಬಿದ್ದ ನೀರು 'ಗುಳುಂ' ಅಂದಿತು. ಬೆನ್ನ ಹಿಂದೆ ಯಾರೋ ತುಟಿ ಬಿಚ್ಚದೆ 'ಹ್ಮ್ಮ್... ಹ್ಮ್ಮ್' ಅಂತ ಜೋಗುಳ ಹಾಡುತ್ತಿದ್ದರು. ಆಮೇಲೆ ಮಗು ನಕ್ಕಿತು. ಮೂರು ದಿನದಿಂದ ಅಮ್ಮನ ಮುಖ ನೋಡಿ ಒಮ್ಮೆಯೂ ನಗದಿದ್ದ ಮಗು, ಗಂಟಲು ಬಿಚ್ಚಿ 'ಕಿಲಕಿಲ' ನಕ್ಕಿತು.

ರಕೇರಾ ನನಗೆ ಹೇಳಿದ ಮಾತು ಇದು: "ದೆವ್ವ ನೋಡಿ ಅಷ್ಟು ನಡುಗಲಿಲ್ಲ ಕಣೇ. ಆ ನಗು ಕೇಳಿ ಮೈಯೆಲ್ಲ ಉರಿದುಹೋಯ್ತು."

ತಿರುಗಿದಳು. ಯಾರೂ ಇಲ್ಲ. ಮಗು ತನ್ನದೇ ಹೊದಿಕೆಯಲ್ಲಿ ಸುತ್ತಿಕೊಂಡು ಕೇದಗೆ ಬೇರುಗಳ ನಡುವೆ ಮಲಗಿತ್ತು. ಸುತ್ತ ಒಂದು ಏಡಿಯೂ ಇರಲಿಲ್ಲ. ಮಗುವನ್ನು ಬಾಚಿಕೊಂಡು, ನೀರು ಚೆಲ್ಲದ ಹಾಗೆ ಮನೆಗೆ ಓಡಿದಳು. ಪುಡಿ ಕದಡಿ ಚಮಚ ಇಟ್ಟಳು. ಮಗು ಚಪ್ಪರಿಸಿತು. ಇನ್ನೊಂದು ಚಮಚ. ಇನ್ನೊಂದು. ಬೆಳಗಿನ ಜಾವಕ್ಕೆ ಅತ್ತಾಗ ಕೆನ್ನೆಯ ಮೇಲೆ ಕಣ್ಣೀರು ಹರಿಯಿತು. ಆ ಕಣ್ಣೀರು ಕಂಡು ಅತ್ತೆ ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದಳು.

ಚರ್ಚಿನ ಮುಂದೆ ನೇತುಹಾಕಿದ ಹಳೇ ಗ್ಯಾಸ್ ಸಿಲಿಂಡರನ್ನು 'ಢಣ್... ಢಣ್' ಬಡಿದು ಜನರನ್ನು ಕರೆದಾಗ ರಕೇರಾ ಎಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದಳು. ಪ್ರಾರ್ಥನೆ ಶುರುವಾಗುವ ಮೊದಲೇ ಎಲ್ಲ ಹೇಳಿದಳು. ಕೆಂಪು ದಾರ, ಬಿಳಿ ದಾರ, ಎಲ್ಲ.

ಯಾರೋ ಒಬ್ಬಳು, "ನಮ್ಮ ಮಕ್ಕಳಿಗೂ ಕುಡಿಸಿದ್ಯಲ್ಲೇ ಪಾಪಿ!" ಅಂದಳು.

"ಹೌದು" ಅಂದಳು ರಕೇರಾ. "ಕುಡಿಸಿದೆ."

ತೆಬಾನಿ ಎದ್ದು ನಿಂತ. "ಬೈಯೋದು ಆಮೇಲೆ ಬೈಯೋಣ ತಾಯಿ. ಮಕ್ಕಳಿಗೆ ಮೊದಲು ನೀರು." ದಡಕ್ಕೆ ಬಂದ ಇಯೋಬಿ ಅವಳ ಮುಖ ನೋಡಲಿಲ್ಲ. ಹಾರೆ ಹುಡುಕಿದ. ಅದು ಬಾವಿಯ ಹತ್ತಿರವೇ ಮರಳಲ್ಲಿ ಬಿದ್ದಿತ್ತು.

ಎಲ್ಲರೂ ಬಾವಿಯ ಸುತ್ತ ನಿಂತೆವು, ನಾನೂ ಇದ್ದೆ. ಚಪ್ಪಡಿ ಇದ್ದ ಜಾಗದಲ್ಲೇ ಇತ್ತು. ಸುತ್ತಲಿನ ಸಿಮೆಂಟಿನಲ್ಲಿ ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ. ಮೆತ್ತಿದವರ ಬೆರಳ ಗುರುತುಗಳು ಹಾಗೇ ಇದ್ದವು.

"ನೀರು ಎಲ್ಲಿಂದ ತಂದೆ?" ಅಂದ ಇಯೋಬಿ.

"ಇಲ್ಲಿಂದಲೇ."

ಅವನು ಅವಳ ಪಾತ್ರೆ ಇಸಿದುಕೊಂಡು ತಳದಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಏನೂ ಅನ್ನಲಿಲ್ಲ. ಆಮೇಲೆ ಹಾರೆ ಎತ್ತಿ ಸಿಮೆಂಟು ಒಡೆಯಲು ಶುರುಮಾಡಿದ.

ದೇವರ ದಯೆ, ಊರಿನ ಮಕ್ಕಳೆಲ್ಲ ಉಳಿದವು. ಸತ್ತವರನ್ನು ಕಳಿಸುವವನೂ ಅವನೇ, ಕರೆಸಿಕೊಳ್ಳುವವನೂ ಅವನೇ. ನಾನು ಅದಕ್ಕಿಂತ ಹೆಚ್ಚು ತಿಳಿಯಹೋಗಲಿಲ್ಲ. ಆದರೆ ಇದೊಂದು ಹೇಳಿ ಮುಗಿಸುತ್ತೇನೆ, ಇದನ್ನು ಕೇಳಿ ಹೇಳುತ್ತಿರುವುದಲ್ಲ. ಅವರು ಸಿಮೆಂಟು ಒಡೆಯುವಾಗ ಬೆರೇನಿ ನನ್ನ ಕೈಯಲ್ಲಿತ್ತು. ಕಾಯಿಲೆಯ ಮಗುವಿನ ತಲೆಗೆ ಯಾರೂ ಎಣ್ಣೆ ಮುಟ್ಟಿಸಿರಲಿಲ್ಲ. ರಕೇರಾಳನ್ನು ಕೇಳಿದೆ, ಅತ್ತೆಯನ್ನು ಕೇಳಿದೆ, ಇಬ್ಬರೂ ಇಲ್ಲ ಅಂದರು. ಆದರೆ ಮಗುವಿನ ನೆತ್ತಿಗೆ ಯಾರೋ ಹೂವು ಹಾಕಿ ಕಾಸಿದ ತೆಂಗಿನೆಣ್ಣೆ ಹಚ್ಚಿ, ಕೂದಲನ್ನು ಒಂದು ಬದಿಗೆ ನೀಟಾಗಿ ಬಾಚಿದ್ದರು.

ನಾನೇ ಮೂಸಿ ನೋಡಿದೆ. ನನ್ನ ಅಂಗೈಗೂ ಅಂಟಿತ್ತು.

ರಕೇರಾ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡಳು. ತನ್ನ ಬಟ್ಟೆಯ ಸೆರಗಿನಿಂದ ಆ ನೆತ್ತಿಯನ್ನು ಒರೆಸಿದಳು... ಮತ್ತೆ ಒರೆಸಿದಳು... ಆಮೇಲೆ ಕೂದಲನ್ನು ಇನ್ನೊಂದು ಬದಿಗೆ ಬಾಚಿದಳು.